ಎತ್ತೂದಲ್ರೀ ಸರ, ಕುಣಿಸೂದು

ಮೊನ್ನೆ ಶನಿವಾರ ಬೆಳಿಗ್ಗೆ ನೀರಿನ ಕ್ಯಾನು ಎತ್ತಿ ಡಿಸ್ಪೆನ್ಸರ್ ಮೇಲೆ ಕೂರಿಸೋಕೆ ಹೋಗಿ ಸೊಂಟ ಹಿಡಿಸಿಕೊಂಡೆ. ಕ್ಯಾನು ಅರ್ಧಕ್ಕೆ ಬಂದಿತ್ತು, ಸ್ವಲ್ಪ ತಿರುಗಿದೆ, ಬೆನ್ನಿನ ಕೆಳಗೆ ಎಲ್ಲೋ ಕಟಕ್ ಅಂತು. ಕ್ಯಾನನ್ನು ಕೈಬಿಡದೆ ಹೇಗೋ ಕೆಳಗಿಟ್ಟೆ. ಆಮೇಲೆ ನೆಟ್ಟಗೆ ನಿಲ್ಲೋಕೆ ಆಗಲಿಲ್ಲ. ಅಡುಗೆಮನೆಯಲ್ಲಿ ಕೊಕ್ಕೆಯ ಹಾಗೆ ಬಾಗಿ ನಿಂತಿದ್ದವನನ್ನು ನೋಡಿ ಮಗಳು "ಅಪ್ಪಾ, ಏನು ಹುಡುಕ್ತಿದೀಯಾ?" ಅಂದಳು.

ಸೋಮವಾರ ಆಫೀಸಿಗೆ ರಜೆ ಹಾಕಿ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ನನಗಿಂತ ಹತ್ತು ವರ್ಷ ಚಿಕ್ಕ ಹುಡುಗಿ. "ಏನು ಎತ್ತಿದ್ರಿ ಸರ್?" ಅಂತ ಕೇಳಿದಳು. "ನೀರಿನ ಕ್ಯಾನು." "ಹೇಗೆ ಎತ್ತಿದ್ರಿ, ಈ ಚೆಂಡನ್ನ ಎತ್ತಿ ತೋರಿಸಿ." ತೋರಿಸಿದೆ. ಅವಳು ನಕ್ಕಳು. ಪಾಠ ಶುರುವಾಯಿತು. ಇಪ್ಪತ್ತು ಲೀಟರ್ ನೀರು ಅಂದ್ರೆ ಇಪ್ಪತ್ತು ಕೆಜಿ, ಪ್ಲಾಸ್ಟಿಕ್ಕಿನದ್ದು ಇನ್ನೊಂದಷ್ಟು. ಅಮೆರಿಕದ ನಿಯೋಶ್ ಅನ್ನೋ ಸಂಸ್ಥೆ ಭಾರ ಎತ್ತೋದಕ್ಕೆ ಒಂದು ಸೂತ್ರ ಮಾಡಿದೆಯಂತೆ. ಅದು ಶುರುವಾಗೋದೇ 23 ಕೆಜಿಯಿಂದ. ಆದರೆ ಆ 23 ಕೆಜಿ, ಎಲ್ಲ ಅನುಕೂಲವಾಗಿದ್ದಾಗ ಮಾತ್ರ. ಭಾರ ಮೈಗೆ ಅಂಟಿಕೊಂಡಿರಬೇಕು, ತೊಡೆಯ ಮಟ್ಟದಲ್ಲಿರಬೇಕು, ಹಿಡಿಯೋಕೆ ಸರಿಯಾದ ಹಿಡಿ ಇರಬೇಕು, ಎತ್ತುವಾಗ ತಿರುಗಬಾರದು. ನೆಲದಿಂದ ಎತ್ತಿದ್ರೆ ಇಷ್ಟು ಕಳೆಯಿರಿ, ಕೈ ಮುಂದೆ ಚಾಚಿದ್ರೆ ಇಷ್ಟು ಕಳೆಯಿರಿ, ತಿರುಗಿದ್ರೆ ಇನ್ನಷ್ಟು ಕಳೆಯಿರಿ. ನಾನು ಕಳೆಯಬಹುದಾದದ್ದನ್ನೆಲ್ಲ ಒಂದೇ ಸಲಕ್ಕೆ ಮಾಡಿದ್ದೆ.

ಮನೆಗೆ ಬಂದು ಬಿಸಿನೀರಿನ ಚೀಲ ಸೊಂಟಕ್ಕೆ ಒತ್ತಿಕೊಂಡು ಮಲಗಿದಾಗ ಡ್ರಮ್ಮಣ್ಣ ನೆನಪಾದ. ನೆನಪಾದ ಅಂದರೆ ಸುಳ್ಳು. ಅವನು ಆಗಾಗ ಬರ್ತಾನೆ, ನಾನು ಆ ಕಡೆ ನೋಡದ ಹಾಗೆ ಇರ್ತೀನಿ. ಈ ಸಲ ಹೊರಳೋಕೂ ಆಗದೆ ಮಲಗಿದ್ದರಿಂದ ನೋಡಲೇಬೇಕಾಯಿತು.

ಪೀಣ್ಯಕ್ಕೆ ಮೆಟ್ರೊ ಬಂದದ್ದು 2014ರಲ್ಲಿ. ನಾನು ಅಲ್ಲಿ ಕೆಲಸಕ್ಕೆ ಸೇರಿದ್ದು ಅದಕ್ಕೂ ಮುಂಚೆ. ಆಗ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದು, ಲಾರಿಗಳ ನಡುವೆ ನುಸುಳಿಕೊಂಡು, ಕೆಸರು ಹಾರಿಸಿಕೊಳ್ಳದೆ ಗೇಟು ಮುಟ್ಟಿದರೆ ಅರ್ಧ ದಿನದ ಕೆಲಸ ಮುಗಿದ ಹಾಗೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ್ದ ನನಗೆ ಸಿಕ್ಕ ಮೊದಲ ಕೆಲಸ, ಗಾಡಿಗಳ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ, ಪರ್ಚೇಸು ಮತ್ತು ಸ್ಟೋರ್ಸು. ಡಿಸೈನ್ ಮಾಡ್ತೀನಿ ಅಂದುಕೊಂಡು ಬಂದವನು ನಟ್ಟು, ಬೋಲ್ಟು, ಕೈಗವಸು, ಎಣ್ಣೆಯ ಲೆಕ್ಕ ಬರೆಯುತ್ತಾ ಕೂತೆ.

ಎಣ್ಣೆ ಅಂದರೆ ಡ್ರಮ್ಮುಗಟ್ಟಲೆ ಎಣ್ಣೆ. ಲೇತಿಗೆ, ಮಿಲ್ಲಿಂಗ್ ಮಷೀನಿಗೆ ಹಾಕುವ ಕಟಿಂಗ್ ಆಯಿಲ್ಲು, ನೀರಿಗೆ ಬೆರೆಸಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದಲ್ಲ, ಅದು. ಪ್ರೆಸ್ಸುಗಳಿಗೆ ಹೈಡ್ರಾಲಿಕ್ ಆಯಿಲ್ಲು. ಕಾದ ಕಬ್ಬಿಣ ಅದ್ದೋಕೆ ಕ್ವೆಂಚಿಂಗ್ ಆಯಿಲ್ಲು. ಎಲ್ಲವೂ ಬರೋದು 200 ಲೀಟರಿನ ಕಬ್ಬಿಣದ ಡ್ರಮ್ಮಿನಲ್ಲಿ. ನೀವೂ ನೋಡಿರ್ತೀರಿ. ರಸ್ತೆ ಅಗೆದ ಕಡೆ ಅಡ್ಡ ನಿಲ್ಲಿಸಿರ್ತಾರೆ, ಟಾರು ಕಾಯಿಸ್ತಾರೆ, ಕಟ್ಟಡ ಕಟ್ಟೋ ಕಡೆ ನೀರು ತುಂಬಿಸಿರ್ತಾರೆ. ಎತ್ತರ ಸುಮಾರು 88 ಸೆಂಟಿಮೀಟರ್, ಅಡ್ಡಗಲ ಸುಮಾರು 58. ಎಣ್ಣೆ ನೀರಿಗಿಂತ ಹಗುರ, ಹಾಗಾಗಿ ತುಂಬಿದ ಡ್ರಮ್ಮಿನಲ್ಲಿ ಎಣ್ಣೆಯೇ ಒಂದು 180 ಕೆಜಿ. ಕಬ್ಬಿಣವೂ ಸೇರಿದರೆ ಹೆಚ್ಚುಕಡಿಮೆ ಎರಡು ಕ್ವಿಂಟಾಲ್. ನಮ್ಮ ತುಮಕೂರು, ಹಾಸನದ ಕಡೆ ಬೆಳೆದು ವಿದೇಶಕ್ಕೆ ಹೋಗುವ ಗರ್ಕಿನ್ ಮಿಡಿಸೌತೆ ಉಪ್ಪುನೀರಿನಲ್ಲಿ ಮುಳುಗಿ ಹೋಗೋದೂ ಇಂಥದ್ದೇ ಅಳತೆಯ ಪ್ಲಾಸ್ಟಿಕ್ ಬ್ಯಾರಲ್ಲುಗಳಲ್ಲಿ. ತೋತಾಪುರಿ ಮಾವಿನ ತಿರುಳು ಹೋಗೋದೂ ಡ್ರಮ್ಮಿನಲ್ಲೇ. ಅಂದರೆ ಎಲ್ಲೋ ಒಬ್ಬ ಇದನ್ನು ದಿನಾ ಸರಿಸುತ್ತಿರ್ತಾನೆ.

ಈ ಡ್ರಮ್ಮಿನ ಹಿಂದೆ ಒಂದು ಸ್ವಾರಸ್ಯದ ಕಥೆ ಇದೆ. ನೆಲ್ಲಿ ಬ್ಲೈ ಅಂತ ಅಮೆರಿಕದ ಪತ್ರಕರ್ತೆ ಇದ್ದಳಲ್ಲ, 1887ರಲ್ಲಿ ಹುಚ್ಚಿಯ ಹಾಗೆ ನಟಿಸಿ ಹುಚ್ಚಾಸ್ಪತ್ರೆ ಸೇರಿ ಒಳಗಿನ ಅನ್ಯಾಯ ಬರೆದವಳು, ಆಮೇಲೆ 72 ದಿನದಲ್ಲಿ ಭೂಮಿ ಸುತ್ತಿ ಬಂದವಳು. ಅವಳು ಒಬ್ಬ ಕಾರ್ಖಾನೆ ಮಾಲೀಕನನ್ನು ಮದುವೆಯಾಗಿ, ಅವನು ತೀರಿಕೊಂಡ ಮೇಲೆ ಐರನ್ ಕ್ಲಾಡ್ ಅನ್ನೋ ಕಾರ್ಖಾನೆಯನ್ನು ತಾನೇ ನಡೆಸಿದಳು. ಅಲ್ಲಿ ಕೆಲಸಕ್ಕಿದ್ದ ಹೆನ್ರಿ ವೆರ್‌ಹಾನ್ ಅನ್ನೋನು ಕಬ್ಬಿಣದ ಡ್ರಮ್ಮಿಗೆ 1905ರಲ್ಲಿ ಪೇಟೆಂಟ್ ಪಡೆದು ಅವಳ ಹೆಸರಿಗೆ ಬರೆದುಕೊಟ್ಟ. ಡ್ರಮ್ಮಿನ ಮೈಮೇಲೆ ಎರಡು ಉಬ್ಬು ಬಳೆ ಇರುತ್ತಲ್ಲ, ಅದು ಚೆಂದಕ್ಕಲ್ಲ. ಮಲಗಿಸಿ ಉರುಳಿಸುವಾಗ ಇಡೀ ಮೈ ನೆಲಕ್ಕೆ ತಾಗದೆ ಆ ಎರಡು ಬಳೆಗಳ ಮೇಲೆ ಉರುಳಲಿ ಅಂತ, ಜೊತೆಗೆ ತಗಡಿಗೆ ಬಲ ಬರಲಿ ಅಂತ. ಉರುಳಿಸೋದು ಸುಲಭ. ಎಷ್ಟು ಸುಲಭ ಅಂದರೆ ಸ್ವಲ್ಪ ಇಳಿಜಾರು ಸಿಕ್ಕಿದರೆ ಡ್ರಮ್ಮು ನಿಮ್ಮನ್ನೇ ಓಡಿಸುತ್ತೆ. ಕಷ್ಟ ಇರೋದು ಮಲಗಿದ್ದನ್ನು ನಿಲ್ಲಿಸೋದರಲ್ಲಿ. ಎರಡು ಕ್ವಿಂಟಾಲಿನ ಡ್ರಮ್ಮು ಮಲಗಿದೆ ಅಂದುಕೊಳ್ಳಿ. ಒಂದು ಅಂಚು ನೆಲಕ್ಕೆ ಊರಿ ಇನ್ನೊಂದು ಅಂಚು ಎತ್ತಬೇಕು. ಭಾರದ ಅರ್ಧ ನೆಲ ಹೊರುತ್ತೆ, ಇನ್ನರ್ಧ ನೀವು. ಅಂದರೆ ಮೊದಲ ಗೇಣು ಎತ್ತೋಕೆ ನೂರು ಕೆಜಿ, ಅದೂ ನೆಲದಿಂದ, ಬಗ್ಗಿ.

ನಮ್ಮ ಸ್ಟೋರಿನಲ್ಲಿ ಇದನ್ನು ಮಾಡುತ್ತಿದ್ದವನು ಡ್ರಮ್ಮಣ್ಣ. ಮಸ್ಟರ್ ರೋಲಿನಲ್ಲಿ ಬೇರೆ ಹೆಸರಿತ್ತು, ಇಡೀ ಕಾರ್ಖಾನೆ ಕರೆಯುತ್ತಿದ್ದದ್ದು ಇದೇ ಹೆಸರಿನಿಂದ. ಕುಷ್ಟಗಿ ಕಡೆಯವನು. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಬಂದು ಗಾರೆ ಕೆಲಸ ಮಾಡಿ, ಆಮೇಲೆ ಕಂತ್ರಾಟುದಾರನೊಬ್ಬನ ಕೆಳಗೆ ನಮ್ಮಲ್ಲಿ ಹೆಲ್ಪರ್ ಆಗಿದ್ದ. ಐದೂವರೆ ಅಡಿಗಿಂತ ಕಮ್ಮಿ, ಕಡ್ಡಿಯಂಥ ಆಳು. ಅವನು ಡ್ರಮ್ಮು ಸರಿಸೋದನ್ನು ನೋಡೋಕೆ ಹೊಸಬರು ಕೆಲಸ ಬಿಟ್ಟು ಬಂದು ನಿಲ್ಲುತ್ತಿದ್ದರು.

ಲಾರಿ ಬಂದರೆ ಮೊದಲು ಹಳೇ ಟೈರೊಂದನ್ನು ಹಿಂಬದಿಗೆ ಹಾಕಿಸುತ್ತಿದ್ದ. ಮೇಲಿಂದ ಡ್ರಮ್ಮು ಉರುಳಿಸಿ ಟೈರಿನ ಮೇಲೆ ಬೀಳಿಸಿದರೆ ಧಪ್ ಅಂತ ಒಂದು ಸಲ ಪುಟಿದು ನಿಲ್ಲುತ್ತಿತ್ತು. ಪುಟಿದ ಆ ಕ್ಷಣದಲ್ಲೇ ಅಂಚು ಹಿಡಿದು ನಿಲ್ಲಿಸಿಬಿಡುತ್ತಿದ್ದ. ನೂರು ಕೆಜಿಯಲ್ಲಿ ಅರ್ಧ ಕೆಲಸ ಟೈರೇ ಮಾಡಿಕೊಡುತ್ತಿತ್ತು. ನಿಂತ ಡ್ರಮ್ಮನ್ನು ತನ್ನ ಕಡೆಗೆ ಸ್ವಲ್ಪ ವಾಲಿಸಿ, ಕೆಳಗಿನ ಅಂಚಿನ ಮೇಲೆ ನಿಲ್ಲಿಸಿ, ಮೇಲಿನ ಅಂಚನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತಾ ಗಿರಗಿರ ತಿರುಗಿಸಿಕೊಂಡು ನಡೆಯುತ್ತಿದ್ದ. ಮಗುವಿನ ಎರಡೂ ಕೈ ಹಿಡಿದು ನಡೆಸೋ ಹಾಗೆ. ಲೆಕ್ಕ ಹಾಕಿದರೆ, ತುಂಬಿದ ಡ್ರಮ್ಮನ್ನು ಸುಮಾರು 33 ಡಿಗ್ರಿ ವಾಲಿಸಿದಾಗ ಅದರ ಭಾರ ಸರಿಯಾಗಿ ಅಂಚಿನ ನೆತ್ತಿಗೆ ಬರುತ್ತೆ. ಆ ಜಾಗದಲ್ಲಿ ಎರಡು ಬೆರಳು ಸಾಕು ಹಿಡಿಯೋಕೆ. ಒಂದು ಡಿಗ್ರಿ ಈಚೆಗಿದ್ದರೆ ಡ್ರಮ್ಮು ವಾಪಸ್ ಹೋಗಿ ನಿಲ್ಲುತ್ತೆ, ಆಚೆಗೆ ಹೋದರೆ ನಿಮ್ಮ ಮೇಲೆ ಬರುತ್ತೆ. ನಾನು ಇದನ್ನು ಕಾಗದದ ಮೇಲೆ ಚಿತ್ರ ಬರೆದು ಕಂಡುಕೊಂಡೆ. ಡ್ರಮ್ಮಣ್ಣನಿಗೆ ಅಂಗೈಗೆ ಗೊತ್ತಿತ್ತು.

ಒಂದು ದಿನ "ಇಷ್ಟು ಭಾರ ಹೇಗಪ್ಪಾ ಎತ್ತುತೀಯ?" ಅಂತ ಕೇಳಿದ್ದಕ್ಕೆ, "ಇದು ಎತ್ತೂದಲ್ರೀ ಸರ, ಕುಣಿಸೂದು. ಎತ್ತಾಕ ಹೋದಾಂವ ಸಾಯ್ತಾನ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ತುಂಬಿದ್ದು ಮಾತು ಕೇಳ್ತೈತ್ರಿ. ಅರ್ಧ ತುಂಬಿದ್ದು ಕೇಳಂಗಿಲ್ಲ" ಅಂತ ಸೇರಿಸಿದ. ಆಗ ನನಗೆ ಅದು ಗಾದೆಯ ಹಾಗೆ ಕೇಳಿ ಖುಷಿಯಾಗಿತ್ತು. ಅವನು ಹೇಳಿದ್ದು ಗಾದೆಯಲ್ಲ. ಅರ್ಧ ಡ್ರಮ್ಮಿನಲ್ಲಿ ಎಣ್ಣೆಗೆ ಓಡಾಡೋಕೆ ಜಾಗ ಇರುತ್ತೆ. ವಾಲಿಸಿದ ಕಡೆಗೆ ಅದೂ ಹರಿದು ಬರುತ್ತೆ, ನೀವು ನಿಲ್ಲಿಸಿದ ಮೇಲೂ ಒಂದು ಕ್ಷಣ ತಡವಾಗಿ ಬಂದು ಒದೆಯುತ್ತೆ. ಕೈಗೆ ಗೊತ್ತಿರುವ ಆ 33 ಡಿಗ್ರಿ ಅಲ್ಲಿ ನಡೆಯೋದಿಲ್ಲ.

ನಾನು ಸೇರಿ ಒಂದು ವರ್ಷವಾದಾಗ ನಮ್ಮ ದೊಡ್ಡ ಗಿರಾಕಿ ಕಂಪನಿಯವರು ಆಡಿಟ್‌ಗೆ ಬಂದರು. ಡ್ರಮ್ಮಣ್ಣ ಕುಣಿಸೋದನ್ನು ನೋಡಿದ ಆಡಿಟರ್ ಹೊಸಬರ ಹಾಗೆ ಚಪ್ಪಾಳೆ ತಟ್ಟಲಿಲ್ಲ. ಡ್ರಮ್ಮುಗಳನ್ನು ಬರಿಗೈಯಲ್ಲಿ ಸಾಗಿಸುತ್ತಿದ್ದಾರೆ, ತಕ್ಕ ಸಲಕರಣೆ ಒದಗಿಸಿ, ಮೂವತ್ತು ದಿನದಲ್ಲಿ ಉತ್ತರ ಕೊಡಿ ಅಂತ ಬರೆದುಹೋದರು. ಆಗ ಜಾರಿಯಲ್ಲಿದ್ದ 1948ರ ಫ್ಯಾಕ್ಟರಿ ಕಾಯ್ದೆಯ 34ನೇ ಕಲಂ ಇದ್ದದ್ದೇ ಇದಕ್ಕೆ. ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದು, ಹೊರಿಸಬಾರದು, ಸರಿಸಲೂಬಾರದು ಅನ್ನುತ್ತಿತ್ತು ಅದು. ಕುಣಿಸೋದೂ ಅದರೊಳಗೇ ಬರುತ್ತಿತ್ತು.

ಸಲಕರಣೆ ತರುವ ಕೆಲಸ ನನ್ನದಾಯಿತು. ಕ್ಯಾಟಲಾಗ್ ತರಿಸಿದೆ. ಆಗ ಗೊತ್ತಾಯಿತು, ಡ್ರಮ್ಮು ಎತ್ತೋದಕ್ಕೆ ಒಂದು ಇಡೀ ಪ್ರಪಂಚವೇ ಇದೆ ಅಂತ. ಎರಡು ಚಕ್ರದ ಡ್ರಮ್ ಟ್ರಾಲಿ: ಮೇಲಿನ ಅಂಚಿಗೆ ಕೊಕ್ಕೆ ಸಿಕ್ಕಿಸಿ ಹಿಂದಕ್ಕೆ ವಾಲಿಸಿದರೆ ಭಾರವೆಲ್ಲ ಅಚ್ಚಿನ ಮೇಲೆ ಕೂರುತ್ತೆ, ನಮ್ಮ ಕೈ ಬರೀ ದಾರಿ ತೋರಿಸುತ್ತೆ. ಚೈನ್ ಬ್ಲಾಕಿಗೆ ನೇತುಹಾಕುವ ಕ್ಲಾಂಪು: ಮೇಲಕ್ಕೆ ಎಳೆದಷ್ಟೂ ಡ್ರಮ್ಮನ್ನು ಬಿಗಿಯಾಗಿ ಹಿಡಿಯುತ್ತೆ. ಮಲಗಿಸಿದ ಡ್ರಮ್ಮನ್ನು ಹೊರುವ ತೊಟ್ಟಿಲಿನಂಥ ಸ್ಟ್ಯಾಂಡು: ಬಾಯಿಗೆ ನಲ್ಲಿ ತಿರುಗಿಸಿಟ್ಟರೆ ಬೇಕಾದಷ್ಟು ಎಣ್ಣೆ ಹಿಡಿದುಕೊಳ್ಳಬಹುದು. ಎಲ್ಲಕ್ಕಿಂತ ಮೇಲೆ, ಕಾಲಿನಿಂದ ಪೆಡಲ್ ಒತ್ತಿದರೆ ಏರುವ ಹೈಡ್ರಾಲಿಕ್ ಡ್ರಮ್ ಲಿಫ್ಟರ್. ಗಿಣಿಯ ಕೊಕ್ಕಿನಂಥ ಹಿಡಿ ಮೇಲಂಚನ್ನು ಕಚ್ಚಿಕೊಳ್ಳುತ್ತೆ, ಮುಂದೆ ಚಾಚಿದ ಎರಡು ಕಾಲು ಡ್ರಮ್ಮಿನ ಅಕ್ಕಪಕ್ಕ ಹೋಗಿ ನಿಲ್ಲುತ್ತವೆ. ಹಳದಿ ಬಣ್ಣ. ನೋಡಿದ ಕೂಡಲೇ ಇದೇ ಬೇಕು ಅನಿಸಿತು.

ಮೂರು ಕೊಟೇಶನ್ ತರಿಸಿದೆ. 38 ಸಾವಿರ ಅಂದವನನ್ನು ಎರಡು ವಾರ ಜಗ್ಗಾಡಿ 35,500ಕ್ಕೆ ಇಳಿಸಿದೆ. ಮಾಲೀಕರು ಬೆನ್ನು ತಟ್ಟಿದರು. ನನ್ನ ಮೊದಲ ದೊಡ್ಡ ಖರೀದಿ.

ಮಷೀನು ಬಂತು. ಇಳಿಸಿಕೊಂಡವನು ಡ್ರಮ್ಮಣ್ಣನೇ. ಅದರ ಸುತ್ತ ಒಂದು ಸುತ್ತು ಬಂದು, ಬಗ್ಗಿ ಕಾಲುಗಳ ನಡುವಿನ ಅಗಲ ನೋಡಿ, ಸ್ಟೋರಿನ ಕಡೆ ಒಮ್ಮೆ ನೋಡಿ, "ಚಲೋ ಐತ್ರಿ" ಅಂದ. ಅಷ್ಟೇ.

ಮರುದಿನ ಗೊತ್ತಾಯಿತು. ನಮ್ಮ ಡ್ರಮ್ಮುಗಳು ಇರುತ್ತಿದ್ದದ್ದು ಮರದ ಪ್ಯಾಲೆಟ್ ಮೇಲೆ, ಒಂದೊಂದರ ಮೇಲೆ ನಾಲ್ಕು. ಮಷೀನಿನ ಕಾಲುಗಳು ಒಂಟಿ ಡ್ರಮ್ಮನ್ನು ಬಳಸಿ ಹೋಗುತ್ತಿದ್ದವೇ ಹೊರತು ಪ್ಯಾಲೆಟ್ಟನ್ನಲ್ಲ. ಎರಡು ಸಾಲುಗಳ ನಡುವಿನ ದಾರಿಯಲ್ಲಿ ಅದು ಹೋಗುತ್ತಿತ್ತು, ತಿರುಗುತ್ತಿರಲಿಲ್ಲ. ಮೋರಿಯ ಹತ್ತಿರ ನೆಲ ಕಿತ್ತುಹೋಗಿದ್ದ ಕಡೆ ಅದರ ಪುಟ್ಟ ಚಕ್ರಗಳು ಸಿಕ್ಕಿಕೊಳ್ಳುತ್ತಿದ್ದವು. ಕೊಳ್ಳುವ ಮುಂಚೆ ನಾನು ಬೆಲೆ ನೋಡಿದ್ದೆ, ಎಷ್ಟು ಭಾರ ಎತ್ತುತ್ತೆ ನೋಡಿದ್ದೆ, ವಾರಂಟಿ ನೋಡಿದ್ದೆ. ಟೇಪು ಹಿಡಿದು ಸ್ಟೋರಿಗೆ ಹೋಗಿರಲಿಲ್ಲ. ಅದನ್ನು ಬಳಸಬೇಕಾದವನನ್ನು ಒಂದು ಮಾತು ಕೇಳಿರಲಿಲ್ಲ.

ಹೇಳಿಬಿಡಬಹುದಿತ್ತು. ತಪ್ಪಾಯ್ತು, ವಾಪಸ್ ಕಳಿಸೋಣ, ಬೇರೆಯದು ತರೋಣ ಅಂತ. ಬೆನ್ನು ತಟ್ಟಿಸಿಕೊಂಡು ಒಂದು ವಾರವೂ ಆಗಿರಲಿಲ್ಲ. ಡ್ರಮ್ಮಣ್ಣನಿಗೆ ಹೊಸ ಹೆಲ್ಮೆಟ್ಟು ಹಾಕಿಸಿ, ಮಷೀನಿನ ಹಿಡಿ ಹಿಡಿಸಿ, ಖಾಲಿ ಡ್ರಮ್ಮೊಂದನ್ನು ಕೊಕ್ಕಿಗೆ ಸಿಕ್ಕಿಸಿ ಫೋಟೊ ತೆಗೆದೆ. ಫೋಟೊದಲ್ಲಿ ಅವನು ಮದುವೆ ಫೋಟೊಕ್ಕೆ ನಿಂತವನ ಹಾಗೆ ಗಂಭೀರವಾಗಿದ್ದ. ಅದನ್ನು ಆಡಿಟರಿಗೆ ಕಳಿಸಿದೆ. "ಸಮಸ್ಯೆ ಪರಿಹಾರವಾಗಿದೆ" ಅಂತ ಅವರಿಂದ ಉತ್ತರ ಬಂತು. ಮಷೀನು ಮೆಟ್ಟಿಲ ಕೆಳಗೆ ಸೇರಿತು. ಸ್ವಲ್ಪ ದಿನದಲ್ಲಿ ಅದರ ಹಿಡಿಯ ಮೇಲೆ ಊಟದ ಚೀಲ ನೇತುಬಿದ್ದವು.

ನಾಲ್ಕು ತಿಂಗಳಾದ ಮೇಲೆ, ಜುಲೈ. ಜಿಟಿಜಿಟಿ ಮಳೆ. ಪ್ರೆಸ್ ಶಾಪಿಗೆ ಅರ್ಜೆಂಟಾಗಿ ಹೈಡ್ರಾಲಿಕ್ ಆಯಿಲ್ಲು ಬೇಕಿತ್ತು. ಅರ್ಧ ಬಳಸಿದ ಡ್ರಮ್ಮೊಂದಿತ್ತು. ಡ್ರಮ್ಮಣ್ಣ ಅದನ್ನು ವಾಲಿಸಿ ತಿರುಗಿಸಿಕೊಂಡು ಸಾಲಿನಿಂದ ಹೊರಗೆ ತರುತ್ತಿದ್ದ. ಒದ್ದೆ ನೆಲ, ಮೇಲೆ ಎಣ್ಣೆಯ ಪಸೆ. ಕಾಲು ಜಾರಿತು. ಡ್ರಮ್ಮು ವಾಪಸ್ ಹೋಯಿತು, ಒಳಗಿನ ಎಣ್ಣೆಯೂ ಹೋಯಿತು, ಪಕ್ಕದ ತುಂಬಿದ ಡ್ರಮ್ಮಿನ ಅಂಚಿಗೂ ಇದರ ಅಂಚಿಗೂ ನಡುವೆ ಅವನ ಎಡಗೈ ಇತ್ತು.

ನಾನು ಮೊದಲನೇ ಮಹಡಿಯಲ್ಲಿ ಎಕ್ಸೆಲ್ ಶೀಟಿನ ಮುಂದೆ ಇದ್ದೆ. ಕೂಗು ಕೇಳಿಸಲಿಲ್ಲ. ಅವನು ಕೂಗಲಿಲ್ಲ ಅಂತ ಆಮೇಲೆ ಹೇಳಿದರು. ಡ್ರಮ್ಮನ್ನು ಭುಜದಿಂದ ತಳ್ಳಿ ಕೈ ಬಿಡಿಸಿಕೊಂಡು, ಹೆಗಲ ಮೇಲಿದ್ದ ಟವೆಲ್ಲು ಸುತ್ತಿಕೊಂಡು, ತಾನೇ ನಡೆದು ಗೇಟಿನ ತನಕ ಬಂದಿದ್ದ. ಇಎಸ್‌ಐ ಆಸ್ಪತ್ರೆಗೆ ವ್ಯಾನಿನಲ್ಲಿ ಕರೆದುಕೊಂಡು ಹೋದೆವು. ತೋರುಬೆರಳಿನ ತುದಿಯ ಗೆಣ್ಣು, ನಡುಬೆರಳಿನ ತುದಿಯ ಗೆಣ್ಣು, ಎರಡೂ ಉಳಿಯಲಿಲ್ಲ.

ಆ ವಾರ ಒಂದು ವಿಷಯ ಕಲಿತೆ. ಬೆರಳಿಗೂ ಕಾಯ್ದೆಯಲ್ಲಿ ಪಟ್ಟಿ ಇದೆ. ತೋರುಬೆರಳಿನ ಒಂದು ಗೆಣ್ಣು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 9 ಹೋದ ಹಾಗೆ. ನಡುಬೆರಳಿನದಾದರೆ 7. ಅದರ ಮೇಲೆ ತಿಂಗಳಿಗೆ ಇಷ್ಟು ಅಂತ ಲೆಕ್ಕ. ಗಾಯ ಮಾಯುವ ತನಕ ಕೂಲಿಯ ನೂರಕ್ಕೆ 90 ಸಿಗುತ್ತೆ. ಅವನ ಇಎಸ್‌ಐ ಕಾರ್ಡು ಸರಿಯಾಗಿತ್ತು. ಕಂತ್ರಾಟಿನ ಎಷ್ಟೋ ಜನಕ್ಕೆ ಅದೂ ಇರೋದಿಲ್ಲ.

ಅಪಘಾತದ ವರದಿ ಬರೆಯಬೇಕಿತ್ತು. ಸೂಪರ್‌ವೈಸರ್ ಬರೆದು ತಂದರು. ಕಾರಣ ಅನ್ನೋ ಜಾಗದಲ್ಲಿ ಒಂದೇ ಸಾಲು: "ಕಾರ್ಮಿಕನ ಅಜಾಗರೂಕತೆ; ಒದಗಿಸಿದ ಸಲಕರಣೆಯನ್ನು ಬಳಸದೆ ಇದ್ದುದು." ಸಾಕ್ಷಿಗೆ ಆ ಫೋಟೊದ ಪ್ರತಿ ಲಗತ್ತಿಸಿದ್ದರು. ಹೆಲ್ಮೆಟ್ಟು, ಹಳದಿ ಮಷೀನು, ಗಂಭೀರ ಮುಖ. ಕೆಳಗೆ ಎರಡು ಸಹಿ ಬೇಕಿತ್ತು, ಒಂದು ಅವರದ್ದು, ಇನ್ನೊಂದು ಸಲಕರಣೆಯ ಹೊಣೆ ಹೊತ್ತ ನನ್ನದು.

ಹಾಕಿದೆ.

ಇದಕ್ಕೆ ನಾನು ವರ್ಷಗಟ್ಟಲೆ ಸಮಾಧಾನ ಹೇಳಿಕೊಂಡಿದ್ದೀನಿ. ಆಗ ನನಗೆ ಇಪ್ಪತ್ತಮೂರು. ಸಹಿ ಹಾಕದಿದ್ದರೆ ಕೆಲಸ ಹೋಗುತ್ತಿತ್ತು, ಬಹುಶಃ. ಇಎಸ್‌ಐ ಹಣಕ್ಕೆ ಅದರಿಂದ ತೊಂದರೆಯಾಗಲಿಲ್ಲ. ಒಂದೊಂದೂ ನಿಜವೇ. ಆದರೆ ಆ ಸಾಲು ಸುಳ್ಳು ಅನ್ನೋದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಮೂರು ತಿಂಗಳ ಮೇಲೆ ಡ್ರಮ್ಮಣ್ಣ ಕೆಲಸಕ್ಕೆ ವಾಪಸ್ ಬಂದ. ಡ್ರಮ್ಮು ಮುಟ್ಟಬೇಡ, ಸ್ಟೋರಿನಲ್ಲಿ ಕೂತು ಲೆಕ್ಕ ನೋಡು ಅಂದೆ. ಎರಡು ದಿನ ಕೂತ. ಮೂರನೇ ದಿನ ಹೋಗಿ ಅವನ ಪಕ್ಕ ಕೂತು ಕೇಳಿದೆ. ನಿನಗೆ ಏನು ಬೇಕಿತ್ತು, ಯಾವ ಮಷೀನು ತಂದಿದ್ದರೆ ಆಗ್ತಿತ್ತು ಅಂತ. ಅವನು ನನ್ನ ಮುಖ ನೋಡಿದ. ಹುಚ್ಚನನ್ನು ನೋಡೋ ಹಾಗಲ್ಲ, ಪಾಠ ತಡವಾಗಿ ಅರ್ಥವಾದ ಹುಡುಗನನ್ನು ನೋಡೋ ಹಾಗೆ.

"ಡ್ರಮ್ಮ ಯಾಕ ಎತ್ತಬೇಕ್ರೀ ಸರ? ನಿಮಗ ಬೇಕಾಗಿದ್ದು ಎಣ್ಣಿ ಅಲ್ಲೇನ್ರಿ?"

ನಾನು ಸುಮ್ಮನೆ ಕೂತೆ. ಅವನು ಎದ್ದು ಓಡಾಡಿ ತೋರಿಸಿದ. ದಿನಾ ಬೇಕಾಗೋದು ಇಪ್ಪತ್ತೋ ಮೂವತ್ತೋ ಲೀಟರ್ ಎಣ್ಣೆ. ಅದಕ್ಕೆ ಎರಡು ಕ್ವಿಂಟಾಲು ಯಾಕೆ ನಡೆಯಬೇಕು? ಡ್ರಮ್ಮು ನಿಂತ ಕಡೆಯೇ ನಿಲ್ಲಲಿ, ಬಾಯಿಗೆ ಒಂದು ಕೈಪಂಪು ಹಾಕಿ, ಎಣ್ಣೆ ಕ್ಯಾನಿನಲ್ಲಿ ಹೋಗಲಿ. ಕಟಿಂಗ್ ಆಯಿಲ್ಲು ಜಾಸ್ತಿ ಬೇಕು, ಹಾಗಾಗಿ ಆ ಡ್ರಮ್ಮುಗಳನ್ನು ಲಾರಿಯಿಂದ ಇಳಿಸುವಾಗಲೇ ಲೇತ್ ಶಾಪಿನ ಬಾಗಿಲಿಗೆ ಇಳಿಸಿ. ಇಲ್ಲಿ ಇಳಿಸಿ ಅಲ್ಲಿಗೆ ಸಾಗಿಸೋದು ಯಾಕೆ? ಅಲ್ಲಿ ಸೊಂಟದ ಎತ್ತರದ ಒಂದು ಸ್ಟ್ಯಾಂಡು ಮಾಡಿಸಿ, ಮಲಗಿಸಿಟ್ಟು ನಲ್ಲಿ ಹಾಕಿ. ಮಲಗಿದ್ದನ್ನು ಸ್ಟ್ಯಾಂಡಿಗೆ ಏರಿಸೋಕೆ ಮಾತ್ರ ಚೈನ್ ಬ್ಲಾಕು ಬೇಕು. ಅದು ಶಾಪಿನಲ್ಲಿ ಆಗಲೇ ನೇತಾಡುತ್ತಿತ್ತು, ಕ್ಲಾಂಪು ಒಂದು ಇರಲಿಲ್ಲ. ಸರಿಸಲೇಬೇಕಾದಾಗ ಎರಡು ಚಕ್ರದ ಟ್ರಾಲಿ ಸಾಕು, ಅದು ಎಲ್ಲಿ ಬೇಕಾದರೂ ತಿರುಗುತ್ತೆ. "ಮತ್ತ ಆ ಮೋರಿ ಕಡೆ ನೆಲ ಒಂದೀಟು ಸಿಮೆಂಟು ಬಳಸ್ರಿ. ಮಳಿ ನೀರು ಒಳಗ ಬರದಂಗ."

ಎಲ್ಲ ಸೇರಿ ಆ ಹಳದಿ ಮಷೀನಿನ ಅರ್ಧ ಬೆಲೆಯೂ ಆಗಲಿಲ್ಲ. ಅಪಾಯ ಇರುವ ಕಡೆ ಮೊದಲು ಆ ಕೆಲಸವನ್ನೇ ಇಲ್ಲವಾಗಿಸೋಕೆ ನೋಡು, ಆಗದಿದ್ದರೆ ಬದಲಿಸು, ಅದೂ ಆಗದಿದ್ದರೆ ಸಲಕರಣೆ ತಾ, ಹೆಲ್ಮೆಟ್ಟು ಕೈಗವಸು ಕಟ್ಟಕಡೆಗೆ ಅಂತ ಸುರಕ್ಷತೆಯ ಪುಸ್ತಕಗಳಲ್ಲಿ ಒಂದು ಮೆಟ್ಟಿಲಿನ ಚಿತ್ರ ಇರುತ್ತೆ. ನಾನು ಅದನ್ನು ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೆಲಸಕ್ಕೆ ಬಂದ ಮೇಲೆ ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಿ ಹೆಲ್ಮೆಟ್ಟಿನ ಫೋಟೊ ತೆಗೆದಿದ್ದೆ.

ಅದಾಗಿ ಎರಡು ವರ್ಷಕ್ಕೆ ಸಾಫ್ಟ್‌ವೇರಿಗೆ ಹಾರಿದೆ. ಈಗ ಒಂದು ಕಂಪನಿಯಲ್ಲಿ ಪ್ರಾಡಕ್ಟ್ ಮ್ಯಾನೇಜರು. ಬಳಸುವವರನ್ನು ಮೊದಲು ಕೇಳಿ, ಅವರು ಕೆಲಸ ಮಾಡೋ ಜಾಗಕ್ಕೆ ಹೋಗಿ ನೋಡಿ ಅಂತ ಹೊಸಬರಿಗೆ ಸ್ಲೈಡು ಹಾಕಿ ಪಾಠ ಮಾಡ್ತೀನಿ. ಒಳ್ಳೇ ಉದಾಹರಣೆ ಕೊಡಿ ಅಂತ ಕೇಳಿದರೆ ಯಾವುದೋ ಆ್ಯಪಿನ ಕಥೆ ಹೇಳ್ತೀನಿ. ಈ ಕಥೆ ಇಲ್ಲಿಯ ತನಕ ಯಾರಿಗೂ ಹೇಳಿಲ್ಲ.

ಡ್ರಮ್ಮಣ್ಣ ಈಗ ಊರಿನಲ್ಲಿದ್ದಾನೆ. ಸಣ್ಣದೊಂದು ಕಿರಾಣಿ ಅಂಗಡಿ, ಮಗ ನೋಡಿಕೊಳ್ತಾನೆ. ಯುಗಾದಿಗೆ, ದೀಪಾವಳಿಗೆ ಅವನೇ ಫೋನ್ ಮಾಡ್ತಾನೆ. ನಾನು ಮಾಡಿದ್ದು ಕಮ್ಮಿ. ಮೊನ್ನೆ ಮಲಗಿದ್ದಲ್ಲಿಂದಲೇ ನಾನೇ ಮಾಡಿದೆ. ಸೊಂಟದ ಕಥೆ ಹೇಳಿದೆ. ಇಪ್ಪತ್ತು ಲೀಟರಿನ ಕ್ಯಾನು ಅಂದ ಕೂಡಲೇ ಆ ಕಡೆಯಿಂದ ನಗು ಕೇಳಿಸಿತು.

"ಕ್ಯಾನ ಯಾಕ ಎತ್ತಾಕ ಹೋದ್ರೀ ಸರ? ನಿಮಗ..."

"ನೀರು ಬೇಕಿತ್ತು," ಅಂದೆ. "ಗೊತ್ತಾಯ್ತು. ನಿನ್ನೆಯೇ ಪಂಪು ತರಿಸಿದೀನಿ." ನಿಜ. ಕ್ಯಾನಿನ ಬಾಯಿಗೆ ಸಿಕ್ಕಿಸೋ ಪುಟ್ಟ ಪಂಪು, ಮೊಬೈಲಿನ ಹಾಗೆ ಚಾರ್ಜ್ ಮಾಡಬೇಕು, ಗುಂಡಿ ಒತ್ತಿದರೆ ನೀರು. ಕ್ಯಾನು ನೆಲದ ಮೇಲೇ ಇರುತ್ತೆ. ಮಗಳಿಗೆ ಅದರದ್ದೇ ಆಟ.

ಸ್ವಲ್ಪ ಹೊತ್ತು ಮಳೆ, ಶೇಂಗಾ, ಮೊಮ್ಮಗನ ಶಾಲೆ ಅಂತ ಮಾತಾಡಿದೆವು. ಫೋನ್ ಇಡುವ ಹೊತ್ತಿಗೆ ಬಾಯಿಂದ ಬಂದುಬಿಟ್ಟಿತು. "ಡ್ರಮ್ಮಣ್ಣ, ಆವತ್ತಿನ ರಿಪೋರ್ಟಿಗೆ ನಾನೂ ಸಹಿ ಹಾಕಿದ್ದೆ. ನಿನ್ನದೇ ತಪ್ಪು ಅಂತ ಬರೆದಿದ್ದಕ್ಕೆ."

ಆ ಕಡೆ ಅಂಗಡಿಯಲ್ಲಿ ಯಾರೋ ಸಕ್ಕರೆ ಕೇಳುತ್ತಿದ್ದರು. ಅವನು ಮಗನಿಗೆ ಏನೋ ಹೇಳಿ, ವಾಪಸ್ ಫೋನಿಗೆ ಬಂದ.

"ಗೊತ್ತೈತ್ರೀ ಸರ. ಆಗ ಆಫೀಸಿನ್ಯಾಗ ಒಬ್ಬರು ಓದಿ ಹೇಳಿದ್ರು."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಇಷ್ಟು ವರ್ಷ, ಹಬ್ಬಕ್ಕೊಂದು ಸಲ, ಗೊತ್ತಿದ್ದೇ ಫೋನ್ ಮಾಡಿದ್ದ.

"ಸೊಂಟ ಈಗ ಹೆಂಗೈತ್ರಿ?" ಅಂತ ಕೇಳಿದ.